ಸೆಟ್ ಆಗುವವರೆಗೆ

ಎದುರುಮನೆಯ ಬಾಗಿಲ ಮೇಲಿನ ಸಜ್ಜಾ ಬಿದ್ದಾಗ ನಾನು ರಾಮಕೃಷ್ಣನಗರದ ನಮ್ಮ ಮನೆಯ ಗೇಟಿನ ಹೊರಗೆ, ರಸ್ತೆಯ ಈಚೆ ಬದಿಯಲ್ಲಿ, ಹಾಲಿನ ಪ್ಯಾಕೆಟ್ ಹಿಡಿದು ನಿಂತಿದ್ದೆ. ಬೆಳಿಗ್ಗೆ ಏಳು ಗಂಟೆ. ಆ ಬಾಗಿಲಿಗೂ ನನಗೂ ನಡುವೆ ಇದ್ದದ್ದು ರಸ್ತೆಯೊಂದೇ. ಕಣ್ಣಿಗೆ ಅಡ್ಡವಾಗಿ ಒಂದು ಗಿಡವೂ ಇರಲಿಲ್ಲ.

ವರ್ಷಗಳಾದ ಮೇಲೆ ಇದನ್ನು ಹೇಳಲು ಕಾರಣ ಇವತ್ತಿನ ತಿಂಡಿ. ಹೋಟೆಲಿನಲ್ಲಿ ಸಪ್ಲೈಯರ್ ಬಂದು "ಸೆಟ್ಟಾ ಸಾರ್, ಮಸಾಲೆನಾ?" ಎಂದ. ಬಾಯಲ್ಲಿದ್ದ ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಒಮ್ಮೆ ಒತ್ತಿ ನೋಡಿಕೊಂಡು, ಸೆಟ್ಟೇ ತನ್ನಿ ಎಂದೆ.

ಈ ಪುಟ್ಟ ಇಂಗ್ಲಿಷ್ ಪದ ನಮ್ಮ ಊರಲ್ಲಿ ಎಷ್ಟು ಮನೆ ಚಾಕರಿ ಮಾಡುತ್ತದೆ ನೋಡಿ. ಹೋಟೆಲಿನಲ್ಲಿ ಅದು ಒಂದರ ಮೇಲೊಂದು ಮಲಗಿದ ಮೆತ್ತನೆ ದೋಸೆ. ತೋಟದವರಿಗೆ ಪಂಪ್‌ಸೆಟ್ಟು. ಒಡವೆ ಅಂಗಡಿಯಲ್ಲಿ ಓಲೆ, ಸರ, ಬಳೆ. ನಾಟಕದವರಿಗೆ ಬಟ್ಟೆಗೆ ಬಣ್ಣ ಬಳಿದು ನಿಲ್ಲಿಸಿದ ಅರಮನೆ. ಹೆಣ್ಣು ಗಂಡಿನ ಮನೆಯವರು ಒಪ್ಪಿಕೊಂಡರೆ "ಸೆಟ್ ಆಯ್ತಂತೆ." ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು, ನನಗೆ ಸೆಟ್ ಎಂದರೆ ಗಣ. ಒಂದು ವಸ್ತು ಅದರೊಳಗೆ ಸೇರಿದೆಯೋ ಇಲ್ಲವೋ ಎಂಬುದನ್ನು ಯಾರು ಕೇಳಿದರೂ ಸಂಶಯವಿಲ್ಲದೆ ಹೇಳಲು ಬರಬೇಕು, ಅಷ್ಟೇ ಅದರ ನಿಯಮ. ಮಕ್ಕಳಿಗೆ ತಿಳಿಯಲೆಂದು ಒಮ್ಮೆ ತಟ್ಟೆಯ ದೋಸೆಗಳ ಉದಾಹರಣೆ ಕೊಟ್ಟೆ. ಗಣ ಎಷ್ಟು ಜನಕ್ಕೆ ತಿಳಿಯಿತೋ ಕಾಣೆ, ನಿವೃತ್ತಿಯವರೆಗೂ ನಾನು ಸೆಟ್‌ದೋಸೆ ಮೇಷ್ಟ್ರಾಗಿಯೇ ಉಳಿದೆ.

ಎದುರುಮನೆ ಕಟ್ಟಿಸಿದ ಚಂದ್ರಣ್ಣನಿಗೆ ಆ ಪದದಿಂದಲೇ ಅನ್ನ. ಲಷ್ಕರ್ ಮೊಹಲ್ಲಾದ ಒಂದು ಮಹಡಿ ಕೋಣೆಯಲ್ಲಿ ಅವನು ಹಲ್ಲಿನ ಸೆಟ್ ಮಾಡುತ್ತಿದ್ದ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುವರು. ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿ, ಅದರ ಮೇಲೆ ಮೇಣದಲ್ಲಿ ಒಂದೊಂದೇ ಹಲ್ಲು ಕೂರಿಸುವನು. ಪ್ಲಾಸ್ಟರ್ ಗಟ್ಟಿಯಾಯಿತೇ ಎಂದು ನೋಡಲು ಅವನಿಗೆ ಒಂದು ರೂಢಿಯಿತ್ತು. ಅಚ್ಚನ್ನು ಕಿವಿಯ ಹತ್ತಿರ ಹಿಡಿದು ನಡುಬೆರಳಿನ ಗೆಣ್ಣಿನಿಂದ ಎರಡು ಸಲ ತಟ್ಟುವುದು. ಕಂಚಿನ ಹಾಗೆ ಸದ್ದು ಬಂದರೆ ಆಯಿತು. ನಾನು ಅವನ ಕೋಣೆಯಲ್ಲಿ ಕುಳಿತು ಹರಟಿದ ಸಂಜೆಗಳಲ್ಲಿ ಆ ಗೆಣ್ಣು ತಪ್ಪಿದ್ದನ್ನು ಕಂಡಿಲ್ಲ.

ಮನೆ ಮುಗಿಯುತ್ತ ಬಂದಾಗ ಅವನ ತಾಯಿ ಲಿಂಗಮ್ಮನವರು ಮುಂಬಾಗಿಲಿಗೆ ನೆರಳಿಲ್ಲ ಎಂದು ತಕರಾರು ತೆಗೆದರು. ಬಾಗಿಲ ಮೇಲೆ ಚಾಚಿದ ಕಾಂಕ್ರೀಟಿನ ಸಜ್ಜಾ ಹಾಕಿದ್ದು ಹೀಗೆ, ಎಲ್ಲಕ್ಕಿಂತ ಕೊನೆಗೆ. ಮೇಸ್ತ್ರಿ ಅದರ ಕೆಳಗೆ ಹಲಗೆ ಹೊಡೆದು, ಮರದ ಕಂಬಗಳ ಆಸರೆ ಕೊಟ್ಟು, ತಾನು ಬರುವವರೆಗೆ ಮುಟ್ಟಬೇಡಿ ಎಂದು ಹೇಳಿ ಊರಿಗೆ ಹೋದ. ಗೃಹಪ್ರವೇಶ ಅದೇ ವಾರ. ತೊಡಕು ಬಂದದ್ದು ಹಸುವಿನಿಂದ. ಹೊಸ ಮನೆಯೊಳಗೆ ಮೊದಲು ಹಸು ಕರು ಕಾಲಿಡಬೇಕಲ್ಲ. ಬಾಗಿಲ ಮುಂದಿನ ಕಂಬಗಳ ಸಂದಿಯಲ್ಲಿ ಮನುಷ್ಯರೇ ಓರೆಯಾಗಿ ನುಸುಳಬೇಕಿತ್ತು. ಅಡುಗೆಮನೆ ಕಡೆಯಿಂದ ಹೊಡೆದುಕೊಂಡು ಬಂದರಾಯಿತು ಎಂದು ಚಂದ್ರಣ್ಣನ ಹೆಂಡತಿ ನಾಗರತ್ನ ಹೇಳಿ ನೋಡಿದಳು.

"ಲಕ್ಷ್ಮೀನ ಹಿತ್ಲು ಬಾಗ್ಲಿಂದ ಕರಿತೀಯೇನಮ್ಮ? ಪಾತ್ರೆ ತೊಳಿಯಕ್ಕೆ ಬಂದವ್ಳಾ ಅವ್ಳು?" ಎಂದರು ಲಿಂಗಮ್ಮ. ಮಾತು ಅಲ್ಲಿಗೆ ಮುಗಿಯಿತು.

ಗೃಹಪ್ರವೇಶದ ಹಿಂದಿನ ಬೆಳಿಗ್ಗೆ ಚಂದ್ರಣ್ಣ ಸ್ಟೂಲು ಹತ್ತಿದ. ಸಜ್ಜಾದ ಅಂಚಿಗೆ ಕಿವಿ ಕೊಟ್ಟು ಗೆಣ್ಣಿನಿಂದ ಎರಡು ಸಲ ತಟ್ಟಿದ. ರಸ್ತೆಯ ಈಚೆಗಿದ್ದ ನನ್ನನ್ನು ನೋಡಿ ನಕ್ಕು, "ಸೆಟ್ ಆಗ್ಬುಟ್ಟದೆ ಮೇಷ್ಟ್ರೆ, ಎಂಗೆ ಮಾತಾಡ್ತದೆ ನೋಡಿ" ಎಂದ. ಕೆಳಗಿಳಿದು ಕಂಬಗಳ ಬುಡದ ಬೆಣೆಗಳನ್ನು ಸುತ್ತಿಗೆಯಿಂದ ಹೊಡೆದು ಬಿಡಿಸಿದ. ಕೊನೆಯ ಕಂಬ ಜಾರಿದಾಗ ಲಿಂಗಮ್ಮ ಮಾವಿನೆಲೆಯ ಗೊಂಚಲು ಹಿಡಿದು ಹೊಸ್ತಿಲ ಈಚೆಗೆ ಬಂದು, ತೋರಣ ಎಲ್ಲಿ ಕಟ್ಟಬೇಕೆಂದು ತಲೆಯೆತ್ತಿ ನೋಡುತ್ತಿದ್ದರು. ನಾಗರತ್ನ ರಂಗೋಲಿ ಬಟ್ಟಲು ಹಿಡಿದು ಗೇಟಿನ ಹತ್ತಿರ ಇದ್ದಳು.

ಮೊದಲು ಕಂಡದ್ದು ಧೂಳು. ಸಜ್ಜಾ ಗೋಡೆಗೆ ಸೇರುವಲ್ಲಿಂದ ಜರಡಿ ಹಿಡಿದ ಹಿಟ್ಟಿನ ಹಾಗೆ ಉದುರಿತು. ಸದ್ದು ಆಮೇಲೆ. ಆ ಎರಡರ ನಡುವೆ ಚಂದ್ರಣ್ಣ ಎಡಗೈಯಿಂದ ತಾಯಿಯನ್ನು ಒಳಗೆ ದೂಡಿದ, ಬಲಗೈಯನ್ನು ಮೇಲಕ್ಕೆ ಒಡ್ಡಿದ. ದೂಡಿದ್ದು ಬಲಗೈ ಎಂದು ಬೀದಿಯಲ್ಲಿ ಕೆಲವರು ಹೇಳುತ್ತಾರೆ. ಅವರು ಅಲ್ಲಿರಲಿಲ್ಲ. ಕಾಂಕ್ರೀಟಿನ ತುಂಡುಗಳನ್ನು ಎತ್ತಿದಾಗ ಲಿಂಗಮ್ಮನವರಿಗೆ ಮೊಣಕಾಲು ತರಚಿತ್ತು, ಅಷ್ಟೇ. ಮಗನ ಬಲ ಮುಂಗೈ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ನನ್ನ ಹಾಲಿನ ಪ್ಯಾಕೆಟ್ ಯಾವಾಗ ಕೆಳಗೆ ಬಿತ್ತೋ ಅದೊಂದು ನನಗೆ ಗೊತ್ತಿಲ್ಲ.

ಗೃಹಪ್ರವೇಶ ಮುಂದಕ್ಕೆ ಹೋಯಿತು. ಗಡಿಬಿಡಿಯಲ್ಲಿ ಹಸುವಿನವನಿಗೆ ಹೇಳುವುದನ್ನು ಎಲ್ಲರೂ ಮರೆತಿದ್ದರು. ಮರುದಿನ ಬೆಳಕು ಹರಿಯುವಾಗ ಅವನು ಹಸು ಕರು ಹೊಡೆದುಕೊಂಡು ಬಂದು ನಿಂತಿದ್ದ. ಬಾಗಿಲ ಮುಂದೆ ಈಗ ಯಾವ ಅಡ್ಡಿಯೂ ಇರಲಿಲ್ಲ. ಹಸು ನಿಧಾನವಾಗಿ ಲಿಂಗಮ್ಮನವರ ಮಾವಿನೆಲೆ ತಿನ್ನುತ್ತಿತ್ತು.

ಆಸ್ಪತ್ರೆಯಲ್ಲಿ ಚಂದ್ರಣ್ಣನ ಕೈಗೆ ಅವನದೇ ಪ್ಲಾಸ್ಟರ್ ಸುತ್ತಿದ್ದರು. ಮೂಳೆ ಚೆನ್ನಾಗಿ ಸೆಟ್ ಆಗುತ್ತದೆ ಎಂದು ಡಾಕ್ಟರ್ ಧೈರ್ಯ ಹೇಳಿದರು, ಆಯಿತೂ ಕೂಡ. ಆದರೆ ಪ್ಲಾಸ್ಟರ್ ಬಿಚ್ಚಿದ ಮೇಲೆ ನಡುಬೆರಳೂ ಅದರ ಪಕ್ಕದ್ದೂ ಅರ್ಧಕ್ಕಿಂತ ಮಡಿಸಲು ಬರಲಿಲ್ಲ. ಬಿಸಿ ಮೇಣದಲ್ಲಿ ಹಲ್ಲನ್ನು ಕೂದಲೆಳೆಯಷ್ಟು ತಿರುಗಿಸಬೇಕಾದ ಬೆರಳುಗಳು ಅವು. ನನ್ನೆದುರು ಕೈ ಚಾಚಿ, "ಡಾಕ್ಟ್ರು ಸರಿ ಹೋಗ್ಬುಟ್ಟದೆ ಅಂತಾರೆ. ಹಲ್ಲು ಒಪ್ಪಬೇಕಲ್ಲ ಮೇಷ್ಟ್ರೆ" ಎಂದ. ಕೋಣೆಗೆ ಬೀಗ ಹಾಕುವ ಮಾತೂ ಆಡಿದ.

ಆ ಬೀಗ ತಪ್ಪಿಸಿದ್ದು ನಾಗರತ್ನ. ಇವನು ಎಡಗೈಯಲ್ಲಿ ಹಲ್ಲು ಹಿಡಿಯುವನು, ಅವಳು ಮೇಣ ಕರಗಿಸಿ ಹೊಯ್ಯುವಳು. ಮೊದಲ ಗಿರಾಕಿಯಾಗಲು ಧೈರ್ಯವಂತರು ಬೇಕಿತ್ತು. ನನ್ನ ಹಲ್ಲುಗಳು ಆ ವೇಳೆಗೆ ತಾವಾಗಿಯೇ ಉದುರಿ ಸಹಕರಿಸಿದ್ದವು. ಮೊದಲ ಸೆಟ್ ಹಾಕಿಕೊಂಡು ಮಾತಾಡಿದರೆ ಕುದುರೆ ಗಾಡಿ ಓಡಿದ ಸದ್ದು ಬರುತ್ತಿತ್ತು. ನಾಗರತ್ನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಚಂದ್ರಣ್ಣ ನಗಲಿಲ್ಲ, ಒಡೆದು ಹಾಕಿದ. ಎರಡನೆಯದೂ ಹೋಯಿತು. ಮೂರನೆಯದು ಈಗ ನನ್ನ ಬಾಯಲ್ಲಿದೆ. ಅದರ ಪ್ಲಾಸ್ಟರ್ ಹೊಯ್ದ ಸಂಜೆ ಅವನ ಗೆಣ್ಣು ಅಭ್ಯಾಸಬಲದಿಂದ ಅಚ್ಚಿನವರೆಗೆ ಹೋಗಿ ನಿಂತಿತು. ತಟ್ಟಲಿಲ್ಲ. "ಇರ್ಲಿ, ನಾಳೆ ಬನ್ನಿ" ಎಂದ. ಅಂದಿನಿಂದ ಅವನದು ಅದೇ ರೂಢಿ. ಡಾಕ್ಟರುಗಳು ಅವಸರ ಮಾಡಿದರೂ ನಾಳೆಯೇ.

ತಿಂಡಿ ಮುಗಿಸಿ ಬರುವಾಗ ಇವತ್ತು ಅವನ ಮನೆಯ ಮುಂದೆ ನಿಂತೆ. ಮೇಸ್ತ್ರಿ ಆಮೇಲೆ ಹಾಕಿದ ಸಜ್ಜಾದ ನೆರಳು ಹೊಸ್ತಿಲ ಮೇಲೆ ಬಿದ್ದಿತ್ತು. ಇಷ್ಟು ವರ್ಷ ಅದರ ಕೆಳಗೆ ಹೋಗುವಾಗ ತಲೆ ತಗ್ಗಿಸುತ್ತಿದ್ದೆ. ಇವತ್ತು, ಇದು ಸೆಟ್ ಆಗಿ ಎಷ್ಟು ಕಾಲವಾಯಿತಲ್ಲ ಎಂದುಕೊಂಡು, ನೆಟ್ಟಗೆ ನಡೆದು ಒಳಗೆ ಹೋಗಿ, ನಾಗರತ್ನ ಕೊಟ್ಟ ಕಾಫಿ ಕುಡಿದು ಬಂದೆ.

ಆ ಬೆಳಿಗ್ಗೆ ಸಜ್ಜಾ ಬಿದ್ದದ್ದನ್ನು ಕಂಡವರು ನಾಲ್ವರು. ಲಿಂಗಮ್ಮನವರು ಆ ನೆರಳಲ್ಲಿ ಬಹಳ ವರ್ಷ ಕುಳಿತು, ವಯಸ್ಸು ತುಂಬಿ, ಅದೇ ಬಾಗಿಲಿನಿಂದ ಹೊರಟರು. ಆ ಗಣದಲ್ಲಿ ಉಳಿದಿರುವವರು ಚಂದ್ರಣ್ಣ, ನಾಗರತ್ನ, ನಾನು.