ತಂಗಿಗೊಂದು ಪುಟ

ನಿವೃತ್ತಿಯಾದ ಮೇಲೆ ನಾನು ಸಂಬಳವಿಲ್ಲದ ಒಂದು ಮಹಾಪದವಿಯನ್ನು ಅಲಂಕರಿಸಿದೆ. ಅಂತರ್ಜಾಲದಲ್ಲಿ ಯಾರು ಬೇಕಾದರೂ ಬರೆಯಬಹುದಾದ ವಿಶ್ವಕೋಶವೊಂದಕ್ಕೆ ಸಾಗರದ ಮನೆಯಲ್ಲಿ ಕೂತು ಬರೆಯುವುದು, ಬೇರೆಯವರು ಬರೆದದ್ದನ್ನು ತಿದ್ದುವುದು. ಕೆಳದಿಯ ದೇವಸ್ಥಾನ, ಕವಲೇದುರ್ಗದ ಕೋಟೆ ಮುಂತಾದ, ಎದುರು ಮಾತಾಡದ ವಿಷಯಗಳನ್ನೇ ಆರಿಸಿಕೊಂಡಿದ್ದೆ.

ಚುನಾವಣೆಯ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೊಸನಗರದಿಂದ ಬಂದಳು. ಅಲ್ಲಿ ಅವಳದೊಂದು ಟೈಲರಿಂಗ್ ಅಂಗಡಿ. ಗಂಡ ತೀರಿಕೊಂಡ ಮೇಲೆ ಅದೇ ಜೀವನ. ಅಣ್ಣ ತೀರ್ಥಹಳ್ಳಿಯಲ್ಲಿ ಚುನಾವಣೆಗೆ ನಿಂತಿದ್ದ.

“ಸರ್, ಇದೆಂತದು ನೋಡಿ” ಎಂದು ಫೋನು ಮುಂದೆ ಹಿಡಿದಳು.

ಅಣ್ಣನ ಅಭಿಮಾನಿಯೊಬ್ಬ ನಮ್ಮ ವಿಶ್ವಕೋಶದಲ್ಲಿ ಅಣ್ಣ, ಅತ್ತಿಗೆ, ಅತ್ತಿಗೆಯ ಅಪ್ಪ ಎಲ್ಲರಿಗೂ ಒಂದೊಂದು ಪುಟ ದಯಪಾಲಿಸಿದ್ದ. ಇವಳ ಪುಟದಲ್ಲಿ ‘ಸಮಾಜಸೇವಕಿ, ಅಣ್ಣನ ಹೋರಾಟದ ಬೆನ್ನೆಲುಬು’ ಎಂದಿತ್ತು. ಸಾಕ್ಷಿಗೆ ಒಂದು ಫೋಟೊ: ಗೌರಿ ಹಬ್ಬಕ್ಕೆ ಅಣ್ಣ ತವರಿನ ಬಾಗಿನ ತಂದು ಕೊಡುತ್ತಿರುವುದು. ಯಾವುದೋ ಸಭೆಯಿಂದ ನೇರವಾಗಿ ಬಂದಿದ್ದ ಅವನ ಹೆಗಲ ಮೇಲೆ ಪಕ್ಷದ ಶಾಲು. ಕೆಳಗೆ, ‘ನಾಯಕರಿಂದ ಗೌರವ ಸ್ವೀಕಾರ’.

“ನಮ್ಮಂಗ್ಡಿಗೆ ಎರಡೂ ಪಾರ್ಟಿಯೋರು ಬರ್ತಾರೆ ಸರ್. ಇಷ್ಟ್ ವರ್ಷ ಒಂದು ಪೋಸ್ಟರ್ ಅಂಟ್ಸೋಕೆ ಬಿಟ್ಟಿಲ್ಲ. ಮೊನ್ನೆ ಆ ಕಡೆಯೋರೊಬ್ರು ಬಂದು, ‘ನೀನು ಬೆನ್ನೆಲುಬಂತಲ್ಲೇ ಮಾರಾಯ್ತಿ, ನಮ್ ರವಿಕೆ ಹೊಲಿಯೋಕೆ ಪುರುಸೊತ್ತೆಲ್ಲಿ?’ ಅಂತ ಬಟ್ಟೆ ವಾಪಸ್ ತಗಂಡೋದ್ರು. ಅವ್ರ ಹಿಂದೇನೇ ಅವ್ರ ಕೇರಿಯೋರೆಲ್ಲ ಬಂದ್ರು.”

“ಅದು ಬಾಗಿನ ಅಂತ ಹೇಳ್ಬೇಕಿತ್ತು.”

“ಹೇಳ್ದೆ. ಬಾಗಿನಕ್ಕೆ ಶಾಲ್ಯಾಕೆ ಅಂದ್ರು.”

“ಅಣ್ಣಂಗೆ ಹೇಳಿದ್ಯಾ?”

“ಅವ್ನು ಬೇಜಾರ್ ಮಾಡ್ಕಳ್ತಾನೆ. ಗೊತ್ತಾಗ್ದಂಗೆ ನೀವೇ ಅಳ್ಸಿ ಸರ್.”

ಗೊತ್ತಾಗದಂತೆ ಅಳಿಸುವ ಪದ್ಧತಿ ವಿಶ್ವಕೋಶದಲ್ಲಿಲ್ಲ. ಹೆಸರು ಹಾಕಿ ಬಹಿರಂಗ ಚರ್ಚೆ ನಡೆಸಬೇಕು. ಅಭ್ಯರ್ಥಿಯ ಬಂಧುವಾಗಿರುವುದೇ ಅರ್ಹತೆಯಲ್ಲ, ಸ್ವಂತ ಸಾಧನೆ ಬೇಕು ಎಂದು ಸಕಲ ಗಾಂಭೀರ್ಯದಿಂದ ಮಂಡಿಸಿದೆ. ಅಭಿಮಾನಿ, “ಕೆಳದಿಯ ರಾಣಿಯರಿಗೆ ಪುಟ ಇರಬಹುದು, ನಮ್ಮ ನಾಯಕರ ತಂಗಿಗೆ ಬೇಡವೇ?” ಎಂದು ಗುಡುಗಿದ. ರಾಣಿಯರು ಖುದ್ದು ರಾಜ್ಯ ಆಳಿದ್ದರೆಂದು ನಾನು ಆಧಾರಸಮೇತ ಉತ್ತರಿಸಿದೆ. ಬಾಯಾರಿ ಬಂದವನಿಗೆ ನೀರು ಕೊಡುವಾಗಲೂ “ನೀವು ಯಾರ ಪೈಕಿ?” ಎಂದು ಕೇಳುವ ಸೀಮೆಯವನು ನಾನು. ನಂಟಸ್ತಿಕೆ ಲೆಕ್ಕಕ್ಕಿಲ್ಲ ಎಂದು ಬರೆಯುವಾಗ ನನಗೇ ಅಷ್ಟು ನಂಬಿಕೆಯಿರಲಿಲ್ಲ. ಒಂದು ಹೊಲಿಗೆ ಯಂತ್ರದಲ್ಲಿ ಸಂಸಾರ ದಡ ಸೇರಿಸಿದವಳ ಬಗ್ಗೆ ‘ಉಲ್ಲೇಖಾರ್ಹ ಸಾಧನೆ ಇಲ್ಲ’ ಎಂದು ಬರೆಯುವುದಂತೂ ಇನ್ನೂ ಕಷ್ಟವಾಯಿತು. ಆದರೂ ಬರೆದೆ. ಪುಟ ಹೋಯಿತು.

ಅಣ್ಣ ಸೋತ. ಸೋತವರಿಗೆ ಕಾರಣಗಳು ಬೇಕಾಗುತ್ತವೆ. ಅಭಿಮಾನಿ ಅವುಗಳಲ್ಲಿ ಒಂದನ್ನು ಒದಗಿಸಿದ: ಅಣ್ಣನ ಹೆಸರಿನ ಪಕ್ಕ ನಿಲ್ಲುವುದಕ್ಕೆ ತಂಗಿಗೇ ನಾಚಿಕೆ, ಮೇಷ್ಟ್ರಿಗೆ ಹೇಳಿ ಅಳಿಸಿ ಹಾಕಿಸಿದಳು.

ಆಮೇಲೆ ಬಂದ ಗೌರಿ ಹಬ್ಬ ಕಳೆದ ಎರಡನೆಯ ದಿನ ಹೊಸನಗರಕ್ಕೆ ಹೋಗಿದ್ದವನು ಅವಳ ಅಂಗಡಿಗೆ ಹೊಕ್ಕೆ. ಎಲ್ಲಿ ನೋಡಿದರೂ ಬಟ್ಟೆಯ ರಾಶಿ.

“ಎಲ್ರೂ ವಾಪಸ್ ಬಂದ್ರು ಸರ್. ಕೈಗೆ ಬಿಡುವಿಲ್ಲ” ಎಂದು ಸ್ಟೂಲು ಸರಿಸಿದಳು. “ಇವ್ರೇ ನೋಡಿ, ಬೆನ್ನೆಲುಬು ಅಂದೋರು.”

ಬೆಂಚಿನ ಮೇಲೆ ಕೂತಿದ್ದ ಹೆಂಗಸು ನಕ್ಕಳು. “ಅಯ್ಯೋ, ಅದನ್ನಿನ್ನೂ ಬಿಟ್ಟಿಲ್ವಾ ನೀನು? ಅದಿರ್ಲಿ, ತೀರ್ಥಹಳ್ಳಿಯಿಂದ ಬಾಗಿನ ಬಂತಾ? ಈ ಸಲ ಎಂತ ಸೀರೆ?”

ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ದಾರೀಲಿರ್ಬೇಕು” ಎಂದಳು.

ಹೆಂಗಸು ನನ್ನ ಮುಖ ನೋಡಿದಳು. ನಾನು ರಸ್ತೆಯ ಕಡೆ ನೋಡಿದೆ. ಯಂತ್ರ ಮತ್ತೆ ಓಡತೊಡಗಿತು.