ಕತ್ತಿ ಕಲಿತ ಭಾನುವಾರ

ಮಸ್ಕಿಗೆ ವರ್ಗವಾಗಿ ಬಂದ ಮೇಲೆ ಭಾನುವಾರ ಕಳೆಯೋದೇ ಕಷ್ಟವಾಗಿತ್ತು. ಬಾಡಿಗೆ ರೂಮಿನಲ್ಲಿ ಮಾತಾಡೋಕೆ ಯಾರೂ ಇಲ್ಲ. ಹೊತ್ತು ಹೋಗಲಿ ಅಂತ ಲಿಂಗಸುಗೂರಿನಲ್ಲಿ ಮಡಚುವ ಕ್ಷೌರದ ಕತ್ತಿಯೊಂದನ್ನು ಕೊಂಡು, ಮೊಬೈಲ್ ನೋಡಿಕೊಂಡು ಗಡ್ಡ ಹೆರೆಯಲು ಕೂತೆ. ಮೊದಲ ದಿನವೇ ಗದ್ದ ಕೊಯ್ದುಕೊಂಡೆ. ಪಟ್ಟಿ ಹಚ್ಚಿಕೊಂಡು, ಕತ್ತಿಯಲ್ಲೇ ದೋಷವಿದೆಯೇನೋ ಅಂತ ಅದನ್ನೂ ಹಿಡಿದು ಬಸ್ ಸ್ಟ್ಯಾಂಡ್ ಹತ್ತಿರದ ಕಟಿಂಗ್ ಅಂಗಡಿಗೆ ಹೋದೆ.

ಅಂಗಡಿಯ ಹಿರಿಯರು ನನ್ನ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಕತ್ತಿ ಚಲೋ ಐತ್ರಿ. ಆದ್ರ ತಮ್ಮ ಮಾರಿ ಮ್ಯಾಲೆ ಯಾರರ ಕಲೀತಾರೇನ್ರಿ? ನಲವತ್ತು ವರ್ಷ ಆತು, ನನ್ನ ಗಡ್ಡ ನಾ ಒಮ್ಮೆನೂ ಮಾಡ್ಕೊಂಡಿಲ್ಲ. ಬಾಜೂ ಅಂಗಡಿಯಂವ ನನಗ ಮಾಡ್ತಾನ, ನಾ ಅವಗ ಮಾಡ್ತೀನಿ. ನಿಮಗ ಯಾರದಾರ?"

ಅವರು ನನ್ನ ಗದ್ದದ ಪಟ್ಟಿ ನೋಡಿ, ಕತ್ತಿಯನ್ನು ನನ್ನ ಕೈಗಿಟ್ಟು, ಗಿರಾಕಿಯ ಕುರ್ಚಿಯಲ್ಲಿ ತಾವೇ ಕೂತು, ಮುಖಕ್ಕೆ ನೊರೆ ಹಚ್ಚಿಕೊಂಡು ಕಣ್ಣು ಮುಚ್ಚಿದರು.

"ಶುರು ಮಾಡ್ರಿ. ಕೈ ನಡುಗಿಸಬ್ಯಾಡ್ರಿ."

ಎಡಗೈಯಿಂದ ಅವರ ಗಲ್ಲ ಹಿಡಿದೆ. ಈ ಊರಿಗೆ ಬಂದ ಮೇಲೆ ನಾನು ಮುಟ್ಟಿದ ಮೊದಲ ಮನುಷ್ಯ ಅವರು.

ಈಗ ಕೈ ಪಳಗಿದೆ. ಆದರೂ ಭಾನುವಾರ ಬಂತೆಂದರೆ ಗದ್ದಕ್ಕೆ ಪಟ್ಟಿ ಹಚ್ಚಿಕೊಂಡೇ ಅವರ ಅಂಗಡಿಗೆ ಹೋಗುತ್ತೇನೆ. ಅದರ ಕೆಳಗೆ ಗಾಯವಿಲ್ಲ ಅನ್ನೋದು ಅವರಿಗೂ ಗೊತ್ತು. ಅದಕ್ಕೇ ಇರಬೇಕು, ಅವರು ಬಿಚ್ಚಿ ನೋಡೋದಿಲ್ಲ.