ಸುಶೀಲಮ್ಮ ಬಂದ ಮೇಲೆ ಆರಾಧನೆ

ಮೊನ್ನೆ ನೆಂಟರ ಮದುವೆಗೆಂದು ಚರ್ಚಿಗೆ ಹೋಗಿದ್ದೆ. ಬೆಂಚುಗಳ ಹೊಸ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು ನೋಡಿ, ಜಯನಗರದ ಆ ಹಳೆಯ ಭಾನುವಾರ ಎದ್ದು ಕೂತಿತು. ಅವತ್ತು ಹಾರ್ಮೋನಿಯಂನ ತಿದಿ ಹರಿಯಬಹುದಿತ್ತು. ನಮ್ಮ ಚರ್ಚುಗಳ ಮೇಲ್ವಿಚಾರಕರ ಕಾರು ಹೊಸ ಬಡಾವಣೆಯ ಕೆಸರಿನಲ್ಲಿ ಹೂತುಹೋಗಬಹುದಿತ್ತು. ಎರವಲು ತಂದ ಬೆಂಚಿನ ಹಸಿ ವಾರ್ನಿಷ್ ಅವರ ಬಿಳಿ ನಿಲುವಂಗಿಗೆ ಅಂಟಬಹುದಿತ್ತು. ಪಕ್ಕದ ಖಾಲಿ ಸೈಟಿನ ಎಮ್ಮೆ ಪ್ರಾರ್ಥನೆಯ ನಡುವೆ ಆಮೆನ್ ಅನ್ನಬಹುದಿತ್ತು. ಇದನ್ನೆಲ್ಲ ನಾನು ಶನಿವಾರದೊಳಗೇ ಅನುಭವಿಸಿ ಮುಗಿಸಿದ್ದೆ. ಚಿಂತೆ ಮಾಡಬೇಡಿ ಎಂದು ಬೋಧಿಸುವ ಪಾದ್ರಿಯ ಹೆಂಡತಿ ನಾನು. ಇಬ್ಬರ ಪಾಲಿನ ಚಿಂತೆಯನ್ನೂ ಒಬ್ಬಳೇ ಮಾಡಬೇಕಲ್ಲ.

ಆಗ ನಮ್ಮ ಬಾಡಿಗೆ ಮನೆಯ ನಡುಮನೆಯೇ ಸಭೆ ಸೇರುವ ಜಾಗ. ದಂಡಿನ, ಅಂದರೆ ಕಂಟೋನ್ಮೆಂಟಿನ, ದೊಡ್ಡ ಚರ್ಚಿನಲ್ಲಿ ಪಾದ್ರಿಯ ಜಾಗ ಖಾಲಿಯಾಗಿತ್ತು. ನಮ್ಮವರು ಅದಕ್ಕೆ ತಕ್ಕವರೋ ಎಂದು ನೋಡಲು ಮೇಲ್ವಿಚಾರಕರು ಬರುವವರಿದ್ದರು. ಅಲ್ಲಿ ಕಾಂಪೌಂಡಿನೊಳಗೇ ಹೆಂಚಿನ ಬಂಗಲೆ, ಹಿತ್ತಲಲ್ಲಿ ಸೀಬೆ ಮರ. ಆ ಕಿಟಕಿಗಳಿಗೆ ನಾನು ಮನಸ್ಸಿನಲ್ಲೇ ಪರದೆ ಹೊಲಿದಾಗಿತ್ತು. ನಡುಮನೆ ತುಂಬಿ ಕಾಣಲೆಂದು ವಿಲ್ಸನ್ ಗಾರ್ಡನ್‌ನಿಂದ ನನ್ನ ಅಣ್ಣನ ಸಂಸಾರವನ್ನೂ ಕರೆಸಿದ್ದೆ.

ಮೇಲ್ವಿಚಾರಕರು ಬಂದು ಕೂತರು. ಹೊತ್ತಾಯಿತು. ನಮ್ಮವರು ಮಾತ್ರ ಆರಾಧನೆ ಶುರುಮಾಡಲಿಲ್ಲ. ಪಕ್ಕದ ಸಿದ್ದಾಪುರದ ಸುಶೀಲಮ್ಮ ಇನ್ನೂ ಬಂದಿರಲಿಲ್ಲ. ಮಂಡಿನೋವಿನ ವಿಧವೆ, ಕೋಲೂರಿಕೊಂಡು ನಡೆದೇ ಬರುವವರು. ಅವರು ಹೊಸ್ತಿಲು ದಾಟುವವರೆಗೆ ಕೀರ್ತನೆ ಹಾಡುತ್ತ ಕಾಯುವುದು ನಮ್ಮ ಸಭೆಯ ರೂಢಿ. ಬೇರೆ ಭಾನುವಾರ ಸರಿ, ಇವತ್ತೂ ಬೇಕೇ? ನಾನು ಕಣ್ಣಲ್ಲೇ ಬೇಡಿಕೊಂಡೆ.

ಮೇಲ್ವಿಚಾರಕರು ಗಡಿಯಾರ ನೋಡಿಕೊಂಡರು. “ಒಬ್ಬರಿಗೋಸ್ಕರ ಇಷ್ಟು ಜನ ಕಾಯ್ಬೇಕೇನ್ರೀ? ದೊಡ್ಡ ಸಭೇಲಿ ಇದೆಲ್ಲ ನಡಿಯಲ್ಲ.”

“ನಡಿಯಲ್ಲ ಸಾರ್, ಗೊತ್ತು,” ಎಂದರು ನಮ್ಮವರು. “ಅದಕ್ಕೇ ನಾನು ಇಲ್ಲೇ ಇರ್ತೀನಿ. ಇನ್ನೊಂದು ಕೀರ್ತನೆ ಹಾಡೋಣ.”

ನನ್ನ ಪರದೆಗಳು ಒಂದೊಂದಾಗಿ ಕಳಚಿಬಿದ್ದವು. ಹಿಂದಿನಿಂದ ಅಣ್ಣ ಪಿಸುಗುಟ್ಟಿದ: “ನಿನ್ನ ಗಂಡನಿಗೆ ಬಂಗಲೆ ಬೇಡ್ವಂತೆ ಕಣೇ, ಕೀರ್ತನೆ ಸಾಕಂತೆ.”

ಹಾಡು ಮುಗಿಯುವ ಹೊತ್ತಿಗೆ ಗೇಟಿನ ಹತ್ತಿರ ಕೋಲಿನ ಸದ್ದು. ತುಂಬಿದ ಮನೆ ನೋಡಿ ಸುಶೀಲಮ್ಮ ಗಾಬರಿಯಾದರು. “ನನ್ನಿಂದ ತಡ ಆಯ್ತಾ ಅಯ್ಯನವ್ರೇ?”

“ಇಲ್ಲಮ್ಮ, ನಾವೇ ಬೇಗ ಬಂದ್ಬಿಟ್ವಿ.”

ವರ್ಷಗಟ್ಟಲೆ ನನ್ನೊಳಗೆ ಬಗ್ಗಿಕೊಂಡಿದ್ದ ಏನೋ ಒಂದು ಆಗ ನೆಟ್ಟಗಾಯಿತು.

ದಂಡಿಗೆ ಬೇರೆಯವರು ಹೋದರು. ನಾವು ಕೊನೆಯವರೆಗೂ ಜಯನಗರದಲ್ಲೇ ಉಳಿದೆವು. ನಿಮ್ಮವರ ಕಾಲದಲ್ಲಿ ಸಭೆ ಎಷ್ಟು ದೊಡ್ಡದಾಯಿತು ಎಂದು ನೆಂಟರು ಈಗಲೂ ಕೇಳುತ್ತಾರೆ. ಕೇಳಿದಾಗಲೆಲ್ಲ ನಾನು ಮಾತು ತೇಲಿಸುತ್ತಿದ್ದೆ. ಮೊನ್ನೆ ಆ ಮದುವೆಯಲ್ಲೂ ಒಬ್ಬರು ಕೇಳಿದರು. ದೊಡ್ಡದಾಗಲಿಲ್ಲ, ಆದರೆ ಯಾರನ್ನೂ ಬಿಟ್ಟು ಶುರುವಾಗಲಿಲ್ಲ, ಅಂದೆ. ಅಳೆಯುವವರು ತಮ್ಮ ಗಜಕಡ್ಡಿ ತಂದು ಅಳೆದುಕೊಳ್ಳಲಿ, ನಮ್ಮ ಮನೆಯಲ್ಲಿ ಅದಿರಲಿಲ್ಲ.

ಹಾಗಾದರೆ ಅವತ್ತು ಏನೂ ಕೆಡಲಿಲ್ಲವೇ ಎನ್ನುತ್ತೀರಿ. ಕೆಟ್ಟಿತು. ಮೇಲ್ವಿಚಾರಕರಿಗೆಂದು ಎತ್ತಿಟ್ಟಿದ್ದ ಮೊದಲ ಡಿಕಾಕ್ಷನ್ನಿನ ಕಾಫಿಯನ್ನು ಸುಶೀಲಮ್ಮನ ಕೈಗಿತ್ತುಬಿಟ್ಟೆ. ಮೇಲ್ವಿಚಾರಕರಿಗೆ ಸಿಕ್ಕಿದ್ದು ಎರಡನೆಯದು. ತೀರಾ ನೀರಾಗಿತ್ತು.